ಮೊಲ ನುಡಿದ ಸಾಕ್ಷಿ

ಮಾಂಸವನ್ನು ಮೂಸಿಯೂ ನೋಡದ ಪ್ರಾಣಿ ಮೊಲ. ಅದಕ್ಕೇ ಮಾಂಸ, ಹಾಲು, ಮೊಟ್ಟೆ ತಿನ್ನಿಸಿದವರು ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಇಗ್ನಟೋವ್ಸ್ಕಿ, 1908ರ ಸುಮಾರಿಗೆ. ಮೊಲಗಳ ರಕ್ತನಾಳ ಪೆಡಸಾದದ್ದು ಕಂಡು, ತಪ್ಪು ಪ್ರಾಣಿ ಪ್ರೋಟೀನಿನದೇ ಎಂದರು. 1913ರಲ್ಲಿ ಅದೇ ಊರಿನ ಅನಿಚ್ಕೋವ್, ಖಲಾಟೋವ್ ಬರೀ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೊಟ್ಟರು. ಅದೇ ರೋಗ ಬಂತು. ಪ್ರೋಟೀನಿನ ಮೇಲಿನ ಗುಮಾನಿ ಹಿಂದೆ ಸರಿಯಿತು.

ಪೂರ್ತಿ ಅಳಿಯಲಿಲ್ಲ. 1975ರಲ್ಲಿ ಕೆನಡಾದ ಕ್ಯಾರಲ್ ಮತ್ತು ಹ್ಯಾಮಿಲ್ಟನ್, ಮೇವಿನಲ್ಲಿ ಕೊಲೆಸ್ಟ್ರಾಲ್ ಬೆರೆಸದೆಯೇ, ಹಾಲಿನ ಪ್ರೋಟೀನಾದ ಕೇಸೀನ್ ಕೊಟ್ಟರೆ ಮೊಲದ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ, ಸೋಯಾ ಕೊಟ್ಟರೆ ಏರುವುದಿಲ್ಲ ಎಂದು ತೋರಿಸಿದರು.

ಲ್ಯಾಬಿನಲ್ಲಿ ಲಿಪಿಡ್ ರಿಪೋರ್ಟ್ ಬರೆದೇ ನಿವೃತ್ತಳಾದ ನನಗೆ ಇದರಲ್ಲಿ ಹೆಚ್ಚು ಇಷ್ಟವಾದ ಅಧ್ಯಾಯ ಮಿಲಾನಿನದು. ಆಗಿನ್ನೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇರಲಿಲ್ಲ. ಜಪಾನಿನ ಅಕಿರಾ ಎಂಡೋ 1973ರಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಆದ ಕಾಂಪ್ಯಾಕ್ಟಿನ್ ತೆಗೆದಿದ್ದರು, ಆದರೆ ಅದು ಇಲಿಗಳ ಮೇಲೆ ಕೆಲಸವನ್ನೇ ಮಾಡಲಿಲ್ಲ. ಕೋಳಿಗಳ ಮೇಲೆ ಮಾಡಿತು! ರೋಗಿಗಳ ಪಾಲಿಗಿದ್ದದ್ದು ಕ್ಲೋಫೈಬ್ರೇಟ್, ಇಲ್ಲವೇ ಮರಳಿನಂಥ ಕೊಲೆಸ್ಟೈರಮಿನ್ ಪುಡಿ. ಆ ಹೊತ್ತಿನಲ್ಲಿ, 1977ರಲ್ಲಿ, ಮಿಲಾನಿನ ಚೆಜಾರೆ ಸಿರ್ತೋರಿ ತಮ್ಮ ರೋಗಿಗಳ ತಟ್ಟೆಯಿಂದ ಪ್ರಾಣಿ ಪ್ರೋಟೀನ್ ತೆಗೆದು ಸೋಯಾ ಬಡಿಸಿದರು. ನಮ್ಮ ಅಂಗಡಿಗಳಲ್ಲಿ ಮೀಲ್ ಮೇಕರ್ ಅನ್ನುತ್ತಾರಲ್ಲ, ಆ ಜಾತಿಯದೇ. ಮೂರು ವಾರದಲ್ಲಿ ಕೊಲೆಸ್ಟ್ರಾಲ್ ಶೇ. 21ರಷ್ಟು ಇಳಿಯಿತು.

ಆಮೇಲೆ ಇಳಿದದ್ದು ಆ ಅಂಕಿಯೇ. 1995ರಲ್ಲಿ 38 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಕೆ ಶೇ. 12.9. ಆರಂಭದಲ್ಲಿ ಹೆಚ್ಚಿದ್ದವರಿಗೇ ಲಾಭ ಹೆಚ್ಚು. ಮಿಲಾನಿನವರು ಅಂಥವರೇ. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದೆಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕ 1999ರಲ್ಲಿ ಒಪ್ಪಿತು. 2006ರ ಹೊತ್ತಿಗೆ ಅಲ್ಲಿನ ಹೃದ್ರೋಗ ತಜ್ಞರ ಲೆಕ್ಕ ಶೇ. 3ಕ್ಕೆ ಬಂದು ನಿಂತಿತ್ತು.

'ಸೋಯಾ ತಿಂತೀನಿ, ಮಾತ್ರೆ ಬಿಡಲಾ ಮೇಡಂ?' ಎಂದು ರಿಪೋರ್ಟ್ ಒಯ್ಯಲು ಬಂದವರು ಕೇಳುತ್ತಿದ್ದರು. ಡಾಕ್ಟರನ್ನೇ ಕೇಳಿ ಎನ್ನುತ್ತಿದ್ದೆ. 2003ರಲ್ಲಿ ಟೊರಾಂಟೊದ ಜೆಂಕಿನ್ಸ್ ಊಟವನ್ನೂ ಮಾತ್ರೆಯನ್ನೂ ಎದುರುಬದುರು ನಿಲ್ಲಿಸಿದ್ದು ನಿಜ. ಲೋವಾಸ್ಟ್ಯಾಟಿನ್ ತೆಗೆದುಕೊಂಡವರಿಗೆ ಎಲ್‌ಡಿಎಲ್ ಶೇ. 30.9 ಇಳಿದರೆ, ಊಟದವರಿಗೆ ಶೇ. 28.6. ಆದರೆ ಆ ಊಟದಲ್ಲಿ ಸೋಯಾ ಒಂದೇ ಇರಲಿಲ್ಲ: ಬಾರ್ಲಿ, ಓಟ್ಸ್, ಬಾದಾಮಿ, ಇಸಬ್‌ಗೋಲು, ನಮ್ಮ ಬೆಂಡೆ, ಬದನೆ ಕೂಡ. ಅದರಲ್ಲೂ ಬಹುಪಾಲನ್ನು ಸಂಶೋಧಕರೇ ಕೊಟ್ಟಿದ್ದರು. 2011ರಲ್ಲಿ ಬರೀ ಸಲಹೆ ಕೊಟ್ಟು, ಅಡುಗೆಯನ್ನು ಅವರವರ ಮನೆಗೇ ಬಿಟ್ಟಾಗ, ಆರು ತಿಂಗಳಲ್ಲಿ ಇಳಿದದ್ದು ಶೇ. 13ರ ಆಸುಪಾಸು.