ಓಲೆಯ ಒಡೆಯನೂ ಉತ್ತರದ ನೆಲೆಯೂ

ಓಲೆಯೊಂದು ಕೈಸೇರಿದೊಡನೆ ಓದುವವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುವು: ಇದನ್ನು ಕಳುಹಿದವರಾರು? ಉತ್ತರವನ್ನು ಯಾರಿಗೆ ಕಳುಹತಕ್ಕದ್ದು? ಮೇಲುನೋಟಕ್ಕೆ ಎರಡಕ್ಕೂ ಸಮಾಧಾನ ಒಂದೇ ಎಂದು ತೋರುವುದು. ಆದರೆ ಪೂರ್ವಕಾಲದ ಶಾಸನಗಳನ್ನು ಓದಿದವರಿಗೆ, ಹೆಸರು ಒಬ್ಬರದು, ಮಾತು ಮತ್ತೊಬ್ಬರದು, ಬರಹ ಮೂರನೆಯವರದು ಆಗಿರಬಹುದೆಂಬುದು ಮನದಟ್ಟಾಗುವುದು. ಇದಕ್ಕೆ ಸಾಕ್ಷ್ಯವನ್ನರಸುತ್ತ ಇಳಕಲ್ಲಿನವರು ಬಹುದೂರ ಹೋಗಬೇಕಾದುದಿಲ್ಲ. ಬಾದಾಮಿಯೂ ಐಹೊಳೆಯೂ ನೆರೆಯಲ್ಲಿಯೇ ಇವೆ.

ಬಾದಾಮಿಯ ಚಾಲುಕ್ಯರಲ್ಲಿ ಕಡೆಯವನಾದ ಇಮ್ಮಡಿ ಕೀರ್ತಿವರ್ಮನು ಶಕವರ್ಷ 679ರಲ್ಲಿ, ಎಂದರೆ ಕ್ರಿ. ಶ. 757ರಲ್ಲಿ, ಬರೆಯಿಸಿದ ತಾಮ್ರಪಟಗಳು ಕೋಲಾರ ಸೀಮೆಯ ವಕ್ಕಲೇರಿಯಲ್ಲಿ ದೊರೆತಿವೆ. ದತ್ತಿಯ ಗ್ರಾಮವಾದರೋ ಹಾನಗಲ್ಲಿನ ಕಡೆಯದು. ಪಟಗಳು ಅಷ್ಟು ದೂರ ಅಲೆದುದೇ ಒಂದು ವಿಚಿತ್ರ. ಅದಿರಲಿ. ಈ ಶಾಸನದಲ್ಲಿ ಆಜ್ಞಾಪಿಸುವವನು ಅರಸನು. ಭೀಮಾನದಿಯ ಉತ್ತರತೀರದ ಬೀಡಿನಲ್ಲಿದ್ದಾಗ ಅವನು ಈ ದಾನವನ್ನು ಮಾಡಿದನು. ಬಿನ್ನಹ ಮಾಡಿಕೊಂಡವನು ದೋಸಿರಾಜನೆಂಬವನು. ಬರೆದವನು ಮಹಾಸಾಂಧಿವಿಗ್ರಹಿಕನಾದ ಧನಂಜಯ ಪುಣ್ಯವಲ್ಲಭನು. ಒಂದೇ ಲೇಖದಲ್ಲಿ ಮೂವರು! ಆದರೂ ಗೊಂದಲವಿಲ್ಲ, ಏಕೆಂದರೆ ಪ್ರತಿಯೊಬ್ಬನ ಹೆಸರೂ ಅವನವನ ಸ್ಥಾನದಲ್ಲಿ ನಿಂತಿದೆ. ಬರೆದವನು ತಾನೇ ಒಡೆಯನೆಂದು ತೋರಿಸಿಕೊಳ್ಳಲಿಲ್ಲ. ಒಡೆಯನೂ ಬರೆದವನನ್ನು ಮರೆಮಾಚಲಿಲ್ಲ. ಪಟಗಳನ್ನು ಪೋಣಿಸಿದ ಬಳೆಗೆ ವರಾಹಮುದ್ರೆಯನ್ನೊತ್ತುವುದು ಆ ವಂಶದ ಸಂಪ್ರದಾಯ. ಬಳೆಯನ್ನು ಕಡಿಯದೆ ನಡುವೆ ಇನ್ನೊಂದು ಪಟವನ್ನು ಸೇರಿಸುವುದು ಶಕ್ಯವಲ್ಲ. ಬಳೆ ಕಡಿದರೆ ಮುದ್ರೆಯ ಪ್ರಾಮಾಣ್ಯವೂ ಕಡಿದಂತೆಯೇ.

ಐಹೊಳೆಯ ರೀತಿ ಬೇರೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರು ಕನ್ನಡನಾಡಿನಲ್ಲಿ ಮಾತ್ರವಲ್ಲದೆ ತಮಿಳು ತೆಲುಗು ನಾಡುಗಳ ಶಿಲಾಶಾಸನಗಳಲ್ಲಿಯೂ ಕಂಡುಬರುವುದು. ಶಾಸನ ಹುಟ್ಟಿದ ಊರು ಯಾವುದಾದರೂ ಆಗಲಿ, ತಲೆಯಲ್ಲಿ ನಿಲ್ಲುವುದು ಐನೂರ್ವರ ಹೆಸರು, ಅವರ ಬಿರುದಾವಳಿ. ಅಂದು ಅಲ್ಲಿ ಕೂಡಿದವರು ಐವತ್ತು ಮಂದಿಯೋ ಇಪ್ಪತ್ತು ಮಂದಿಯೋ, ಆ ಮಾತನ್ನು ಮೊದಲು ಎತ್ತಿದವನು ಯಾವ ಸೆಟ್ಟಿಯೋ, ಅನೇಕ ಕಡೆ ತಿಳಿಯುವುದೇ ಇಲ್ಲ. ಇಳಕಲ್ಲಿನ ಸೀರೆಯನ್ನು ಕೊಳ್ಳುವವಳು ಊರ ಹೆಸರನ್ನು ಬಲ್ಲಳಲ್ಲದೆ ನೆಯ್ದವನ ಹೆಸರನ್ನು ಬಲ್ಲಳೆ?

ಈ ಹೆಸರು ಕಡಲನ್ನೂ ದಾಟಿತು. ಸುಮಾತ್ರಾದ್ವೀಪದ ಬಾರೂಸ್ ಎಂಬ ರೇವಿನ ಸಮೀಪದಲ್ಲಿ 1873ರಲ್ಲಿ ತಮಿಳು ಶಾಸನವೊಂದು ದೊರೆಯಿತು, 1932ರಲ್ಲಿ ಕೆ. ಎ. ನೀಲಕಂಠಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರ ಕಾಲ ಶಕ 1010, ಎಂದರೆ ಕ್ರಿ. ಶ. 1088. ದಿಕ್ಕು ಸಾವಿರದ ಐನೂರ್ವರ ಹೆಸರಿನಲ್ಲಿ ಹೊರಟ ಆ ಕಟ್ಟಳೆಯು ಹಡಗಿನವರು ಕಸ್ತೂರಿಯ ಬೆಲೆಯನ್ನನುಸರಿಸಿ ಹೊನ್ನನ್ನು ತೆರತಕ್ಕದ್ದೆಂದು ವಿಧಿಸುವುದು. ಇಲ್ಲಿ ಹೆಸರಿನ ಮೂಲ ಮಲಪ್ರಭೆಯ ದಡದಲ್ಲಿ. ಆದರೆ ಹೊನ್ನನ್ನು ಹೊತ್ತು ಯಾವ ನಾವಿಕನೂ ಐಹೊಳೆಗೆ ಬರಬೇಕಾಗಿರಲಿಲ್ಲ. ಕಳುಹುವವರ ಹೆಸರು ಒಂದು, ಉತ್ತರ ಸಲ್ಲತಕ್ಕ ನೆಲೆ ಮತ್ತೊಂದು.

ಇದೇ ತೊಡಕು ನಮ್ಮ ಕಾಲದ ಈ-ಮೇಲಿನಲ್ಲಿ ಪುನಃ ತಲೆಯೆತ್ತಿರುವುದು ಸೋಜಿಗ. ಅಮೇರಿಕದಲ್ಲಿ 1977ರಲ್ಲಿ ರಚಿತವಾಗಿ 1982ರಲ್ಲಿ ಪರಿಷ್ಕೃತವಾದ ನಿಯಮಗಳಲ್ಲಿ ಪತ್ರದ ಶಿರೋಭಾಗಕ್ಕೆ ಮೂರು ಸ್ಥಾನಗಳನ್ನು ಕಲ್ಪಿಸಲಾಯಿತು: ಮಾತಿನ ಒಡೆಯನಾರು, ವಸ್ತುತಃ ರವಾನಿಸಿದವನಾರು, ಉತ್ತರವೆಲ್ಲಿಗೆ. ಕೀರ್ತಿವರ್ಮನ ಕರಣಿಕರಿಗೆ ಈ ವಿಭಾಗವು ಹೊಸದೆಂದು ತೋರುತ್ತಿರಲಿಲ್ಲ. ಒಬ್ಬನ ಪತ್ರವನ್ನು ಸಂಘದ ಸದಸ್ಯರೆಲ್ಲರಿಗೂ ಹಂಚುವ ಏರ್ಪಾಡು ಬಂದಾಗ ವಿವಾದ ಹುಟ್ಟಿತು. ಉತ್ತರದ ಸ್ಥಾನದಲ್ಲಿ ಸಂಘದ ವಿಳಾಸವನ್ನೇ ಬರೆದರೆ ಚರ್ಚೆ ಎಲ್ಲರಿಗೂ ತಲಪುವುದು, ನಿಜ. ಆದರೆ ಒಬ್ಬನಿಗೇ ಗುಟ್ಟಾಗಿ ಬರೆದ ಮಾತೂ ಸಭೆಯ ನಡುವೆ ಬೀಳುವುದು. ಬರೆದವನು ತಾನೇ ಕೊಟ್ಟಿದ್ದ ಉತ್ತರದ ವಿಳಾಸವಿದ್ದರೆ ಅದೂ ಅಳಿದುಹೋಗುವುದು. ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಪರರ ಓಲೆಯನ್ನು ಸಾಗಿಸುವವನಿಗೆ ಅದನ್ನು ತಿದ್ದುವ ಅಧಿಕಾರವೆಲ್ಲಿಯದು?

ಕಳ್ಳ ಹೆಸರಿನ ಪತ್ರಗಳು ಹೆಚ್ಚಿದುದರಿಂದ ಈ-ಮೇಲಿಗೂ ಒಂದು ಬಗೆಯ ಮುದ್ರೆ ಬಂದಿತು. ಸಂಘವು ಪತ್ರದ ಅಡಿಯಲ್ಲಿ ತನ್ನ ಒಕ್ಕಣೆಯ ಎರಡು ಸಾಲು ಸೇರಿಸಿದರೆ ಸಾಕು, ಆ ಮುದ್ರೆ ಒಡೆಯುವುದು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು ತನ್ನ ಹೆಸರು ಹೊತ್ತು ಮುದ್ರೆ ಮುರಿದು ಬಂದ ಪತ್ರಗಳನ್ನು ತಿರಸ್ಕರಿಸಿರೆಂದು ಸಾರಿದುದೇ ತಡ, ಅಲ್ಲಿಯ ಸದಸ್ಯರು ಸಂಘಗಳಿಗೆ ಬರೆದ ಪತ್ರಗಳು ಎಲ್ಲೆಲ್ಲಿಂದಲೋ ಹಿಂದಿರುಗತೊಡಗಿದವು. ಬರೆದವರಲ್ಲಿ ದೋಷವಿಲ್ಲ, ಓದುವವರಲ್ಲಿಯೂ ಇಲ್ಲ. ಬೇರೆ ದಾರಿ ಕಾಣದೆ ಅನೇಕ ಸಂಘಗಳು ಬರೆದವನ ವಿಳಾಸವನ್ನು ತೆಗೆದು, ಒಡೆಯನ ಸ್ಥಾನದಲ್ಲಿ ತಮ್ಮ ವಿಳಾಸವನ್ನೇ ಇಟ್ಟವು. ಚಾಲುಕ್ಯರ ಪಟದಂತೆ ಇದ್ದುದು ಐನೂರ್ವರ ಕಲ್ಲಿನಂತಾಯಿತು.

ಅಂತಹ ಸಂಘಗಳಲ್ಲಿ ಬರೆಯುವವರು ತಮ್ಮ ಹೆಸರನ್ನೂ ವಿಳಾಸವನ್ನೂ ಪತ್ರದ ಕೊನೆಯಲ್ಲಿ ತಾವೇ ಬರೆಯುವುದುಂಟು. ವಕ್ಕಲೇರಿಯ ಪಟಗಳಲ್ಲಿ ಧನಂಜಯ ಪುಣ್ಯವಲ್ಲಭನ ಹೆಸರಿರುವುದೂ ಕೊನೆಯಲ್ಲಿಯೇ.