ಹೊಟ್ಟೆ ಮೇಲಿನ ಚೀಲದ ಕಥೆ (ಯಾರೂ ಹೇಳದ ಇತಿಹಾಸ, ಭಾಗ 7)

ಫ್ರೆಂಡ್ಸ್, ಇವತ್ತಿನ ಭಾಗ ಮಲದ ಬಗ್ಗೆ. ಮುಖ ಸಿಂಡರಿಸಿ ಸ್ಕ್ರೋಲ್ ಮಾಡ್ಬೇಡಿ, ಸ್ವಲ್ಪ ಇರಿ.

ಕ್ಯಾನ್ಸರ್ರೋ, ಕರುಳಿನ ಹುಣ್ಣೋ, ಏಟೋ, ಏನೋ ಒಂದು ಕಾರಣಕ್ಕೆ ಕರುಳನ್ನ ಕತ್ತರಿಸಬೇಕಾದಾಗ ಉಳಿದ ತುದಿಯನ್ನ ಹೊಟ್ಟೆ ಮೇಲೆ ತೂತು ಮಾಡಿ ಹೊರಗೆ ತರೋದುಂಟು. ಅದೇ ಸ್ಟೋಮಾ. ಮಲ ಅಲ್ಲಿಂದಲೇ ಬರುತ್ತೆ, ತಡೆದುಕೊಳ್ಳೋಕೆ ಆಗಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಊರಿನ ಸರ್ಜನ್ ಡ್ಯೂರೆ, ಗುದದ್ವಾರವೇ ಇಲ್ಲದೆ ಹುಟ್ಟಿದ್ದ ಮಗುವಿಗೆ ಹೀಗೆ ಮಾಡಿದ. ಅರಿವಳಿಕೆ ಇಲ್ಲದ ಕಾಲ! ಆ ಮಗು 45 ವರ್ಷ ಬದುಕಿತು. ಚರಿತ್ರೆಯಲ್ಲಿ ಡ್ಯೂರೆಯ ಹೆಸರು ಉಳಿಯಿತು. ನನಗೆ ಕಾಡೋದು ಆ 45 ವರ್ಷ.

ಯಾಕಂದ್ರೆ ಆಪರೇಷನ್ ಗೆದ್ದರೂ ಬದುಕು ಸುಲಭ ಆಗ್ತಿರಲಿಲ್ಲ. ಅದರಲ್ಲೂ ಸಣ್ಣಕರುಳನ್ನ ಹೊರಗೆ ತಂದವರ ಪಾಡು ಕೇಳಬೇಡಿ. ಅಲ್ಲಿಂದ ಬರೋದು ನೀರುನೀರಾದ ಮಲ, ಅದರಲ್ಲಿ ಊಟ ಕರಗಿಸೋ ರಸಗಳೂ ಇರುತ್ತವೆ. ಅವು ಸುತ್ತಲಿನ ಚರ್ಮವನ್ನೂ ಸುಟ್ಟು ಹುಣ್ಣು ಮಾಡ್ತಿದ್ವು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಒಂದು ಸರಳ ಉಪಾಯ ಬರೆದರು: ಕರುಳಿನ ತುದಿಯನ್ನ ಅಂಗಿ ತೋಳು ಮಡಚಿದ ಹಾಗೆ ಹೊರಮಗ್ಗುಲಿಗೆ ಮಗುಚಿ ಚರ್ಮಕ್ಕೆ ಹೊಲಿದುಬಿಡೋದು. ಇಂದಿಗೂ ಹೀಗೇ ಮಾಡ್ತಾರೆ.

ಅದೇ ಹೊತ್ತಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಪರ್ಟ್ ಟರ್ನ್‌ಬುಲ್ ಅನ್ನೋ ಸರ್ಜನ್ ಚರ್ಮ ಕಾಪಾಡೋಕೆ ಕರಾಯ ಅಂಟಿನ ಪುಡಿ ಬಳಸೋಕೆ ಶುರು ಮಾಡಿದ್ರು. ಆ ಅಂಟು ಎಲ್ಲಿಯದು ಗೊತ್ತಾ? ನಮ್ಮದೇ! ದಖ್ಖನ್ನಿನ ಒಣಕಾಡಲ್ಲಿ ಬೆಳೆಯೋ, ಬಿಳಿ ತೊಗಟೆಯ ಒಂದು ಮರಕ್ಕೆ ಗಾಯ ಮಾಡಿದರೆ ಸೋರೋದು. ಕಾಡಿನ ಜನ ಕಿತ್ತು ತಂದು ಮಾರಿದ್ದು ಹಡಗು ಹತ್ತಿ ಹೋಗ್ತಿತ್ತು. ಎಕ್ಸ್‌ಪೋರ್ಟ್ ಪಾಠದಲ್ಲಿ ಇಂಥದ್ದನ್ನ ಯಾರೂ ಹೇಳಿಕೊಡಲ್ಲ ಬಿಡಿ.

1954ರಲ್ಲಿ ಟರ್ನ್‌ಬುಲ್ ಆಪರೇಷನ್ ಮಾಡಿದವರಲ್ಲಿ ನಾರ್ಮಾ ಗಿಲ್ ಒಬ್ಬರು. ನರ್ಸ್ ಅಲ್ಲ, ಬರೀ ರೋಗಿ. ವಾಸಿಯಾದ ಮೇಲೆ ತಮ್ಮ ಊರಲ್ಲಿ ಇಂಥದ್ದೇ ತೊಂದರೆ ಇರೋರಿಗೆ ಚೀಲ ಕಟ್ಟಿಕೊಳ್ಳೋದು, ಚರ್ಮ ನೋಡಿಕೊಳ್ಳೋದು ಹೇಳಿಕೊಡ್ತಾ ಓಡಾಡಿದ್ರು. 1958ರಲ್ಲಿ ಟರ್ನ್‌ಬುಲ್ ಅವರನ್ನೇ ಕರೆದು ಕೆಲಸ ಕೊಟ್ಟರು. 1961ಕ್ಕೆ ಇದನ್ನ ಕಲಿಸೋ ಶಾಲೆಯೇ ಶುರುವಾಯ್ತು. ಸರ್ಜನ್‌ಗೆ ಗೊತ್ತಿರದ ವಿದ್ಯೆ ಆಕೆಗೆ ಗೊತ್ತಿತ್ತು: ರಾತ್ರಿ ಮಗ್ಗುಲು ಬದಲಿಸಿದಾಗ ಸೋರಿದರೆ ಏನು ಮಾಡಬೇಕು ಅನ್ನೋದು.

ಡೆನ್ಮಾರ್ಕಿನಲ್ಲಿ ಎಲಿಸ್ ಸೋರೆನ್ಸನ್ ಅನ್ನೋ ನರ್ಸ್ ಇದ್ದರು. ಅವರ ತಂಗಿ ಥೋರಾಗೆ ಸ್ಟೋಮಾ ಆಗಿತ್ತು. ಸೋರುತ್ತೆ, ವಾಸನೆ ಬರುತ್ತೆ ಅಂತ ಹೆದರಿ ಆಕೆ ಮನೆಯಿಂದ ಹೊರಗೇ ಬರ್ತಿರಲಿಲ್ಲ. 1954ರಲ್ಲಿ ಎಲಿಸ್‌ಗೆ ಹೊಳೆದದ್ದು ಇಷ್ಟೇ: ಚರ್ಮಕ್ಕೆ ಅಂಟೋ ಪ್ಲಾಸ್ಟಿಕ್ ಚೀಲ, ಬಳಸಿ ಬಿಸಾಡೋದು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್ ಹ್ಯಾನ್ಸನ್‌ಗೆ ಮೊದಲು ಆಸಕ್ತಿ ಇರಲಿಲ್ಲ. ಆತನ ಹೆಂಡತಿ ಜೊಹಾನ್ನೆಯೂ ನರ್ಸ್, ಆಕೆಯೇ ಒಪ್ಪಿಸಿದ್ದು. 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿತು. ಮಾರ್ಕೆಟ್ ರಿಸರ್ಚ್ ಅಂತ ನಾವು ಓದ್ತೀವಲ್ಲ, ಇಲ್ಲಿ ಅದನ್ನ ಮಾಡಿದ್ದು ಒಬ್ಬ ಅಕ್ಕ.

ಚೀಲ ಬಂತು ಅಂತ ಎಲ್ಲ ಮುಗೀಲಿಲ್ಲ. ನೀರು, ಉಪ್ಪು ಹೀರೋದು ದೊಡ್ಡಕರುಳಿನ ಕೆಲಸ. ಅದಿಲ್ಲದವರು ಬೇಸಿಗೆಯಲ್ಲಿ ಬೇಗ ಸುಸ್ತಾಗ್ತಾರೆ. ಸ್ಟೋಮಾ ಪಕ್ಕ ಹರ್ನಿಯಾ ಆಗಬಹುದು. ಒಳಗೆ ಗಾಯ ಮಾಗುವಾಗ ಕರುಳುಗಳು ಒಂದಕ್ಕೊಂದು ಅಂಟಿಕೊಂಡು, ಎಷ್ಟೋ ವರ್ಷದ ಮೇಲೆ ದಾರಿ ಕಟ್ಟಿಕೊಳ್ಳಬಹುದು. ಇದಕ್ಕೆ ಸ್ಟೋಮಾನೇ ಇರಬೇಕು ಅಂತಿಲ್ಲ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ 1956ರಲ್ಲಿ ಕರುಳಿನ ಆಪರೇಷನ್ ಆಗಿತ್ತು. 1969ರ ಫೆಬ್ರುವರಿಯಲ್ಲಿ ಹೀಗೇ ಕರುಳು ಕಟ್ಟಿಕೊಂಡು ಮತ್ತೆ ಹೊಟ್ಟೆ ಕೊಯ್ಯಬೇಕಾಯ್ತು.

ಜಪಾನಿನ ಎಷ್ಟೋ ರೈಲ್ವೆ ಸ್ಟೇಷನ್ನುಗಳ ಶೌಚಾಲಯದ ಹೊರಗೆ ಒಂದು ಚಿತ್ರ ಇರುತ್ತೆ: ಮನುಷ್ಯನ ಆಕಾರ, ಹೊಟ್ಟೆ ಮೇಲೊಂದು ಪ್ಲಸ್ ಗುರುತು. ಒಳಗೆ ಚೀಲ ಖಾಲಿ ಮಾಡಿ ತೊಳೆದುಕೊಳ್ಳೋಕೆ ಬೇರೆ ಸಿಂಕ್, ಬಿಸಿನೀರು. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಚೀಲ ಇರೋರು ಎಲ್ಲಿಗೆ ಹೋಗ್ತಾರೆ? ಗೊತ್ತಿದ್ದವರು ಕಾಮೆಂಟಲ್ಲಿ ಹೇಳಿ.