ನಡಿಗೆಯಲ್ಲಿ ಕಾಣದ ನಷ್ಟ: ಮಕ್ಕಳ ಮಯಲಿನ್ ಕಾಯಿಲೆಗಳ ದೀರ್ಘಕಾಲದ ಪರಿಣಾಮ ಕುರಿತು

ನರತಂತುಗಳ ಮೇಲಿನ ಮಯಲಿನ್ ಪೊರೆ ಹಾಳಾಗುವ ಕಾಯಿಲೆಗಳಲ್ಲಿ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬ ಮಾತು ವೈದ್ಯರಲ್ಲೂ ತಂದೆತಾಯಿಯರಲ್ಲೂ ಬಳಕೆಯಲ್ಲಿದೆ. ಅದು ಸುಳ್ಳಲ್ಲ. ಸ್ಟಿರಾಯ್ಡ್ ಕೊಟ್ಟ ಕೆಲವೇ ವಾರಗಳಲ್ಲಿ ಮಂಜಾಗಿದ್ದ ಕಣ್ಣು ತಿಳಿಯಾಗುವುದು, ಎಳೆದು ಹಾಕುತ್ತಿದ್ದ ಕಾಲು ನೆಟ್ಟಗಾಗುವುದು ಮಕ್ಕಳಲ್ಲಿ ಸಾಮಾನ್ಯ. ಆದರೆ ಆ ಮಾತು ನಿಂತಿರುವುದು ಎರಡು ಅಳತೆಗಳ ಮೇಲೆ: ಒಂದು, ರೋಗ ಶುರುವಾದಂದಿನಿಂದ ಎಣಿಸಿದ ವರ್ಷಗಳು, ಇನ್ನೊಂದು, ನಡಿಗೆ. ಬೆಳೆಯುತ್ತಿರುವ ಮಗುವಿನ ಮುಂದಿನ ಬದುಕನ್ನು ಅಳೆಯಲು ಇವೆರಡೂ ಸಾಲವು ಎಂಬುದು ನನ್ನ ವಾದ.

ಮೊದಲು ವರ್ಷಗಳ ಲೆಕ್ಕ. ಈ ಕಾಯಿಲೆಗಳಲ್ಲೊಂದಾದ ಮಲ್ಟಿಪಲ್ ಸ್ಕ್ಲೆರೋಸಿಸ್ 16 ವರ್ಷದೊಳಗೆ ಶುರುವಾದ 394 ಜನರನ್ನು, ದೊಡ್ಡವರಾದ ಮೇಲೆ ಅದೇ ಕಾಯಿಲೆಗೆ ತುತ್ತಾದ 1,775 ಜನರೊಂದಿಗೆ ಹೋಲಿಸಿದ ಫ್ರಾನ್ಸ್ ಮತ್ತು ಬೆಲ್ಜಿಯಂನ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮರುಕಳಿಸುತ್ತಿದ್ದ ಕಾಯಿಲೆ ಬಿಡದೆ ಹೆಚ್ಚುತ್ತಲೇ ಹೋಗುವ ಹಂತಕ್ಕೆ ಬರಲು ಚಿಕ್ಕವರಿಗೆ ಹಿಡಿದ ಮಧ್ಯಕ ಅವಧಿ 28 ವರ್ಷ. ಇದು ದೊಡ್ಡವರಿಗಿಂತ ಸುಮಾರು 10 ವರ್ಷ ಹೆಚ್ಚು. ಇಷ್ಟನ್ನೇ ಓದಿದರೆ ಸಮಾಧಾನವಾಗುತ್ತದೆ. ಆದರೆ ಆ ಹಂತ ತಲುಪಿದಾಗ ಅವರ ವಯಸ್ಸು 41. ದೊಡ್ಡವರಿಗಿಂತ ಸುಮಾರು 10 ವರ್ಷ ಮುಂಚೆಯೇ ಅವರು ಅಲ್ಲಿಗೆ ಬಂದಿದ್ದರು. ಅಂಕಿ ಅದೇ, ಎಣಿಕೆ ಎಲ್ಲಿಂದ ಶುರುಮಾಡುತ್ತೇವೆ ಎಂಬುದರ ಮೇಲೆ ಅರ್ಥ ತಿರುಗಿಬಿಡುತ್ತದೆ.

ನಡಿಗೆಯ ಅಳತೆಯ ತೊಡಕು ಇದಕ್ಕಿಂತ ಆಳವಾದದ್ದು. ಎಲ್ಲೆಡೆ ಬಳಕೆಯಲ್ಲಿರುವ ಕುರ್ಟ್ಸ್‌ಕೆ ಮಾಪಕ 0ಯಿಂದ 10ರವರೆಗೆ ಹೋಗುತ್ತದೆ. 4ರಿಂದ ಮೇಲೆ ಅದು ಬಹುಪಾಲು ನಡಿಗೆಯ ಲೆಕ್ಕವೇ. 6 ಎಂದರೆ ನೂರು ಮೀಟರ್ ನಡೆಯಲು ಕೋಲು ಬೇಕು. ಓಡಿಯಾಡುವ ಮಗುವಿಗೆ ಈ ಮಾಪಕದಲ್ಲಿ 1 ಬರಬಹುದು, ತರಗತಿಯಲ್ಲಿ ಅದು ಹಿಂದೆ ಬಿದ್ದಿದ್ದರೂ. ಇದರ ಪಕ್ಕದಲ್ಲಿ ಇನ್ನೊಂದು ಸಣ್ಣ ಪರೀಕ್ಷೆಯನ್ನು ಇಟ್ಟು ನೋಡಬೇಕು. ಹಾಳೆಯ ತಲೆಯಲ್ಲಿ ಒಂಬತ್ತು ಚಿಹ್ನೆಗಳು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಸಾಲುಸಾಲಾಗಿ ಬರೀ ಚಿಹ್ನೆಗಳು. 90 ಸೆಕೆಂಡಿನಲ್ಲಿ ಎಷ್ಟಕ್ಕೆ ಸರಿಯಾದ ಅಂಕಿ ಹೇಳಲಾಗುತ್ತದೆ ಎಂಬುದಷ್ಟೇ ಲೆಕ್ಕ. ಸ್ವೀಡನ್ನಿನ ರೋಗಿಗಳ ನೋಂದಣಿಯನ್ನು ಆಧರಿಸಿ 2019ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಬಾಲ್ಯದಲ್ಲಿ ಕಾಯಿಲೆ ಬಂದವರ ಅಂಕಗಳು ವಯಸ್ಸಾದಂತೆ ಉಳಿದ ರೋಗಿಗಳಿಗಿಂತ ಬೇಗ ಕುಸಿಯುತ್ತವೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಯಲಿನ್ ಕಟ್ಟುವ ಕೆಲಸ ಹದಿಹರೆಯ ದಾಟಿಯೂ ನಡೆಯುತ್ತದೆ; ದೊಡ್ಡವರಲ್ಲಿ ಕಟ್ಟಿದ ಮನೆಗೆ ಬೀಳುವ ಪೆಟ್ಟು, ಮಕ್ಕಳಲ್ಲಿ ಗೋಡೆ ಏಳುತ್ತಿರುವಾಗಲೇ ಬೀಳುತ್ತದೆ.

ಇವೆಲ್ಲ ಹಳೆಯ ಕಾಲದ ರೋಗಿಗಳ ಕಥೆ, ಈಗ ಒಳ್ಳೆಯ ಔಷಧಗಳಿವೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. 10ರಿಂದ 17 ವರ್ಷದ 215 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಟರ್‌ಫೆರಾನ್‌ಗೆ ಹೋಲಿಸಿದರೆ ಫಿಂಗೊಲಿಮಾಡ್ ಮರುಕಳಿಕೆಯನ್ನು ಶೇ 82ರಷ್ಟು ತಗ್ಗಿಸಿತು. ಇಟಲಿಯ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳೂ ಇತ್ತೀಚಿನ ದಶಕಗಳಲ್ಲಿ ಶಾಶ್ವತ ವೈಕಲ್ಯ ಇಳಿದಿರುವುದನ್ನು ತೋರಿಸುತ್ತವೆ. ಹಾಗಾಗಿ 41 ಎಂಬ ಅಂಕಿಯನ್ನು ಇಂದು ರೋಗ ಪತ್ತೆಯಾದ ಮಗುವಿನ ಹಣೆಬರಹವೆಂದು ಓದುವುದು ತಪ್ಪು. ಆದರೆ ಇಟಲಿಯ ಲೆಕ್ಕವೂ ಅದೇ ಕುರ್ಟ್ಸ್‌ಕೆ ಮಾಪಕದ್ದು. ಕಾಲು ಉಳಿಯಿತೆಂದರೆ ಕಲಿಕೆಯೂ ಉಳಿಯಿತೆಂದು ಅದರಿಂದ ಹೇಳಲಾಗದು.

ಎರಡನೆಯ ಆಕ್ಷೇಪ: ಒಮ್ಮೆ ಮಾತ್ರ ಬಂದು ಹೋಗುವ ಮೆದುಳಿನ ಉರಿಯೂತವನ್ನು, ಅಂದರೆ ಎಡೆಮ್ ಅನ್ನು, ಇದರೊಂದಿಗೆ ಬೆರೆಸಬಾರದು. ಒಪ್ಪುತ್ತೇನೆ. ಎಡೆಮ್‌ನಲ್ಲಿ ಹಲವು ಸಲ ಕಾಣುವ, ಮಯಲಿನ್‌ನದೇ ಒಂದು ಪ್ರೋಟೀನಿನ ವಿರುದ್ಧದ ಮಾಗ್ ಪ್ರತಿಕಾಯವಿರುವ ಬಹಳ ಮಕ್ಕಳಲ್ಲಿ ಕಾಯಿಲೆ ಮರಳುವುದಿಲ್ಲ. ಹಾಗಿದ್ದೂ ಕೆನಡಾದ ಮಕ್ಕಳ ಎಂಆರ್‌ಐ ಚಿತ್ರಗಳು, ಒಂದೇ ದಾಳಿಯ ನಂತರವೂ ಮೆದುಳು ವಯಸ್ಸಿಗೆ ತಕ್ಕಷ್ಟು ಬೆಳೆಯದಿರುವುದನ್ನು ತೋರಿಸಿವೆ. ಶಾಲೆ ತಪ್ಪಿದ್ದು, ದಣಿವು, ಖಿನ್ನತೆ ಇವೂ ಅಂಕಗಳನ್ನು ಇಳಿಸುತ್ತವೆ, ನಿಜ. ಆದರೆ ಎಂಆರ್‌ಐಯಲ್ಲಿ ಕಂಡ ಕೊರತೆಯನ್ನು ಅವುಗಳಿಂದಷ್ಟೇ ವಿವರಿಸುವುದು ಕಷ್ಟ.

ಅಳತೆಯ ಈ ಪ್ರಶ್ನೆ ಪ್ರಯೋಗಾಲಯದ ಹೊರಗೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಎಡೆಮ್ ಮತ್ತು ಮಾಗ್ ಕಾಯಿಲೆಯ ಹೆಸರಿಲ್ಲ. ಮೀಸಲಾತಿಗೆ ಕಾಯ್ದೆ ಇಟ್ಟಿರುವ ಗಡಿ ಶೇ 40. ಚೆನ್ನಾಗಿ ನಡೆದಾಡುತ್ತಾ, ಪ್ರಶ್ನೆಪತ್ರಿಕೆಯ ಅರ್ಧಕ್ಕೆ ಬರುವಷ್ಟರಲ್ಲಿ ಸಮಯ ಮುಗಿದುಹೋಗುವ ವಿದ್ಯಾರ್ಥಿಯ ಆ ನಿಧಾನ ಈ ಶೇಕಡಾವಾರು ಲೆಕ್ಕಕ್ಕೆ ಬರಬೇಕಾದರೆ, 90 ಸೆಕೆಂಡಿನ ಆ ಹಾಳೆಯನ್ನು ಯಾರಾದರೂ ಮೊದಲು ಅವನ ಮುಂದೆ ಇಟ್ಟಿರಬೇಕು.